ಗಣಕಯಂತ್ರದ ಹೊಸ್ತಿಲಲ್ಲಿ ಕೀಲಿಮಣೆ: ಒಂದು ಚಾರಿತ್ರಿಕ ನೋಟ



ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ವಿಂಡೋಸ್ ಅಥವಾ ಲಿನಕ್ಸ್ ಪರದೆಯ ಮೇಲೆ ಬರುವವರೆಗೆ ಕೆಲವು ಸೆಕೆಂಡುಗಳ ಅಂತರವಿರುವುದನ್ನು ನೀವೆಲ್ಲ ಗಮನಿಸಿರುತ್ತೀರಿ. ಆ ಅಂತರದಲ್ಲಿ ಯಂತ್ರವನ್ನು ನಡೆಸುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟ ತಂತ್ರಾಂಶ ಆಗ ಕೆಲಸ ಮಾಡುತ್ತಿರುತ್ತದೆ. ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. ಹಳೆಯ ಯಂತ್ರಗಳಲ್ಲಿ ಇದನ್ನೇ ಬಯೋಸ್ ಎನ್ನುತ್ತಿದ್ದರು, ಈಗಲೂ ಅನೇಕರು ಹಾಗೆಯೇ ಕರೆಯುತ್ತಾರೆ. ಈ ಫರ್ಮ್‌ವೇರ್ ನಮ್ಮ ಕೀಲಿಮಣೆಯ ಮಾತನ್ನು ಕೇಳಲು ಹೇಗೆ ಕಲಿಯಿತು ಎಂಬುದೇ ಈ ಲೇಖನದ ವಿಷಯ.

ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕನಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಗೆ ದಾನಿಗಳೊಬ್ಬರು ಹಳೆಯ ಕಂಪ್ಯೂಟರುಗಳನ್ನು ಕೊಟ್ಟರು. ಕೀಲಿಮಣೆಗಳು ಮಾತ್ರ ಹೊಸವು, ಯುಎಸ್‌ಬಿ ತಂತಿಯವು. ಸಿಡಿಯಿಂದ ಲಿನಕ್ಸ್ ಹಾಕೋಣವೆಂದು ಕುಳಿತೆವು. ಪರದೆಯ ಕೆಳಗೆ 'ಡಿಲೀಟ್ ಕೀ ಒತ್ತಿ' ಎಂಬ ಸೂಚನೆ ಬರುತ್ತದೆ, ನಾವು ಒತ್ತುತ್ತೇವೆ, ಯಂತ್ರ ಕೇಳಿಸಿಕೊಳ್ಳುವುದೇ ಇಲ್ಲ. ಮುಂದೆ ಹಳೆಯ ವಿಂಡೋಸ್ ತೆರೆದುಕೊಂಡರೆ ಅದೇ ಕೀಲಿಮಣೆ ಸೊಗಸಾಗಿ ಕೆಲಸ ಮಾಡುತ್ತದೆ! ನಾನು ಕೀಲಿಮಣೆಯನ್ನೂ ಬೈದೆ, ಅಂಗಡಿಯವನನ್ನೂ ಬೈದೆ. ರಿಪೇರಿಗೆ ಬಂದ ಹುಡುಗ ನಕ್ಕು, ಚೀಲದಿಂದ ದುಂಡು ಪಿನ್ನಿನ ಹಳೆಯ ಕೀಲಿಮಣೆಯೊಂದನ್ನು ತೆಗೆದು ಚುಚ್ಚಿದ. ಡಿಲೀಟ್ ಒತ್ತಿ ಒಳಗೆ ಹೋಗಿ, 'ಯುಎಸ್‌ಬಿ ಕೀಬೋರ್ಡ್ ಸಪೋರ್ಟ್' ಎಂಬ ಸಾಲಿನಲ್ಲಿದ್ದ 'ಡಿಸೇಬಲ್ಡ್' ಎಂಬುದನ್ನು 'ಎನೇಬಲ್ಡ್' ಮಾಡಿದ. ಅಷ್ಟೇ. ಹೊಸ ಕೀಲಿಮಣೆಗೆ ಬಾಗಿಲು ತೆರೆಯಲು ಹಳೆಯ ಕೀಲಿಮಣೆ ಬೇಕಾಯಿತು. ಹೀಗೇಕೆ ಎಂದು ಹುಡುಕುತ್ತಾ ಹೋದಾಗ ತಿಳಿದ ಸಂಗತಿಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಅದರ ಕೀಲಿಮಣೆಯಲ್ಲಿ 83 ಕೀಲಿಗಳಿದ್ದವು. ಕೀಲಿಮಣೆಯ ಹೊಟ್ಟೆಯಲ್ಲೂ ಇಂಟೆಲ್ 8048 ಎಂಬ ಪುಟ್ಟ ಪ್ರೊಸೆಸರ್ ಇತ್ತು. ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ನೀವು 'ಕೆ' ಕೀಲಿಯನ್ನು ಒತ್ತಿದಾಗ ತಂತಿಯಲ್ಲಿ 'ಕೆ' ಎಂಬ ಅಕ್ಷರ ಹೋಗುವುದಿಲ್ಲ. 37 ಎಂಬ ಸಂಖ್ಯೆ ಹೋಗುತ್ತದೆ. ಬೆರಳು ತೆಗೆದಾಗ ಅದಕ್ಕೆ 128 ಸೇರಿಸಿ 165 ಎಂಬ ಇನ್ನೊಂದು ಸಂಖ್ಯೆ ಹೋಗುತ್ತದೆ. ಅಂದರೆ ಕೀಲಿಮಣೆ ಹೇಳುವುದು 'ಈ ಸ್ಥಾನದ ಕೀಲಿ ಒತ್ತಲಾಯಿತು, ಈ ಸ್ಥಾನದ ಕೀಲಿ ಬಿಡಲಾಯಿತು' ಎಂದು ಮಾತ್ರ. ಅದು ಇಂಗ್ಲಿಷಿನ ಕೆ ಆಗಬೇಕೋ, ಕನ್ನಡದ ಕ ಆಗಬೇಕೋ, ಉರ್ದುವಿನ ಕಾಫ್ ಆಗಬೇಕೋ ಎಂದು ತೀರ್ಮಾನಿಸುವುದು ಆಮೇಲಿನ ತಂತ್ರಾಂಶ. ಭಾಷಾ ಶಿಕ್ಷಕನಾದ ನನಗೆ ಇದು ಬಹಳ ಹಿಡಿಸಿದ ಸಂಗತಿ.

ಸಂಖ್ಯೆ ಬಂದೊಡನೆ ಪ್ರೊಸೆಸರ್ ತಾನು ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸುತ್ತದೆ. ಬಯೋಸ್‌ನ ಒಂದು ಸಣ್ಣ ಭಾಗ ಎದ್ದು ಆ ಸಂಖ್ಯೆಯನ್ನು ಓದಿ, ತನ್ನ ಪಟ್ಟಿಯಲ್ಲಿ ನೋಡಿ, ಅಕ್ಷರ ಮಾಡಿ ನೆನಪಿನ ಒಂದು ಮೂಲೆಯಲ್ಲಿ ಇಡುತ್ತದೆ. ಆ ಮೂಲೆಯಲ್ಲಿ ಹಿಡಿಸುತ್ತಿದ್ದುದು 15 ಕೀಲಿಗಳು ಮಾತ್ರ. ಹದಿನಾರನೆಯದನ್ನು ಒತ್ತಿದರೆ ಯಂತ್ರ 'ಬೀಪ್' ಎಂದು ಕೂಗುತ್ತಿತ್ತು. ಇಡೀ ಬಯೋಸ್ ಕೇವಲ 8 ಕಿಲೋಬೈಟ್ ಗಾತ್ರದ್ದು. ಅಷ್ಟರೊಳಗೆ ಪರದೆ, ಫ್ಲಾಪಿ, ಪ್ರಿಂಟರ್, ಕೀಲಿಮಣೆ ಎಲ್ಲವನ್ನೂ ನಿಭಾಯಿಸುವ ಡ್ರೈವರ್‌ಗಳು. ಯಂತ್ರ ಏಳುವಾಗ ಕೀಲಿಮಣೆಯ ತಪಾಸಣೆಯಲ್ಲಿ ದೋಷ ಕಂಡರೆ 301 ಎಂಬ ಅಂಕಿ ಪರದೆಯ ಮೇಲೆ ಬರುತ್ತಿತ್ತು. ಮುಂದೆ ಬೇರೆ ಕಂಪನಿಗಳ ಬಯೋಸ್‌ಗಳಲ್ಲಿ 'ಕೀಲಿಮಣೆ ಇಲ್ಲ, ಮುಂದುವರಿಯಲು ಎಫ್ 1 ಒತ್ತಿ' ಎಂಬರ್ಥದ ಸಂದೇಶ ಬರತೊಡಗಿ ಲೋಕಕ್ಕೆಲ್ಲ ನಗೆಯ ವಸ್ತುವಾಯಿತು. ಇಲ್ಲದ ಕೀಲಿಮಣೆಯಲ್ಲಿ ಎಫ್ 1 ಒತ್ತುವುದು ಹೇಗೆ, ಸ್ವಾಮಿ?

ಐಬಿಎಂ ತನ್ನ ಬಯೋಸ್‌ನ ಸಾಲುಗಳನ್ನೆಲ್ಲ ತಾಂತ್ರಿಕ ಕೈಪಿಡಿಯಲ್ಲಿ ಅಚ್ಚು ಹಾಕಿತ್ತು. ಆದರೆ ಹಕ್ಕು ಅದರದೇ ಆದ್ದರಿಂದ ನಕಲು ಮಾಡುವಂತಿರಲಿಲ್ಲ. ಕಾಂಪ್ಯಾಕ್ ಕಂಪನಿಯೂ, 1984ರಲ್ಲಿ ಫೀನಿಕ್ಸ್ ಕಂಪನಿಯೂ ಮೂಲವನ್ನು ನೋಡದ ಜನರಿಂದಲೇ ಅದೇ ರೀತಿ ವರ್ತಿಸುವ ಬಯೋಸ್ ಬರೆಸಿದವು. ಅಷ್ಟರಲ್ಲಿ ಅನೇಕ ತಂತ್ರಾಂಶಗಳು ಬಯೋಸನ್ನು ಕೇಳುವ ಗೋಜಿಗೇ ಹೋಗದೆ, ಕೀಲಿಮಣೆಯ ಸಂಖ್ಯೆ ಬಂದು ಬೀಳುವ ಜಾಗವನ್ನು ನೇರವಾಗಿ ಓದತೊಡಗಿದ್ದವು. ಪೋರ್ಟ್ 60 ಎಂದು ಆ ಜಾಗದ ಹೆಸರು. ಹೀಗಾಗಿ ಐಬಿಎಂ ಎಂಜಿನಿಯರುಗಳು ಒಂದು ಯಂತ್ರಕ್ಕಾಗಿ ಮಾಡಿಕೊಂಡ ಏರ್ಪಾಡು ಎಲ್ಲ ಯಂತ್ರಗಳಿಗೂ ಕಾಯಿದೆಯಾಗಿಬಿಟ್ಟಿತು.

1984ರಲ್ಲಿ ಐಬಿಎಂನ ಎಟಿ ಯಂತ್ರ ಬಂದಿತು. ಅದರಲ್ಲಿ ಕೀಲಿಮಣೆಯನ್ನು ನೋಡಿಕೊಳ್ಳಲೆಂದೇ ಇಂಟೆಲ್ 8042 ಎಂಬ ಪ್ರತ್ಯೇಕ ಚಿಪ್ ಇಟ್ಟರು. ಅಲ್ಲಿಯವರೆಗೆ ಕೀಲಿಮಣೆ ಮಾತಾಡುತ್ತಿತ್ತು, ಯಂತ್ರ ಕೇಳುತ್ತಿತ್ತು. ಈಗ ಯಂತ್ರವೂ ಕೀಲಿಮಣೆಗೆ ಮಾತು ಹೇಳುವಂತಾಯಿತು. ಕ್ಯಾಪ್ಸ್ ಲಾಕ್ ದೀಪ ಉರಿಯುವುದು ಇದರಿಂದಲೇ. ಫರ್ಮ್‌ವೇರ್ ಎದ್ದ ಕೂಡಲೇ 8042ಕ್ಕೆ 170 ಎಂಬ ಆಜ್ಞೆ ಕಳುಹಿಸುತ್ತದೆ. 'ನಾನು ಚೆನ್ನಾಗಿದ್ದೇನೆ' ಎನ್ನಲು ಅದು 85 ಎಂದು ಉತ್ತರಿಸಬೇಕು. ಎಟಿ ಕೀಲಿಮಣೆ 'ಕೆ' ಕೀಲಿಗೆ 66 ಎಂಬ ಬೇರೆಯೇ ಸಂಖ್ಯೆ ಕಳುಹಿಸುತ್ತಿತ್ತು. ಹಳೆಯ ತಂತ್ರಾಂಶಗಳು ತಬ್ಬಿಬ್ಬಾಗದಿರಲೆಂದು 8042 ಅದನ್ನು ಮತ್ತೆ 37 ಎಂದೇ ಅನುವಾದ ಮಾಡಿ ಕೊಡುತ್ತಿತ್ತು. ಅನುವಾದಕರು ನಮ್ಮಲ್ಲಿ ಮಾತ್ರವಲ್ಲ, ಕಂಪ್ಯೂಟರಿನಲ್ಲೂ ಇದ್ದಾರೆ!

ಇದೇ ಚಿಪ್ಪಿಗೆ ಇನ್ನೊಂದು ವಿಚಿತ್ರ ಕೆಲಸವೂ ಅಂಟಿಕೊಂಡಿತು. ಮೊದಲ ಪಿಸಿಯ ಪ್ರೊಸೆಸರಿಗೆ 20 ವಿಳಾಸ ತಂತಿಗಳು, ಒಂದು ಮೆಗಾಬೈಟ್ ನೆನಪು. ಅದನ್ನು ಮೀರಿದ ವಿಳಾಸ ಕೊಟ್ಟರೆ ಎಣಿಕೆ ಸುತ್ತಿಕೊಂಡು ಮತ್ತೆ ಸೊನ್ನೆಗೆ ಬರುತ್ತಿತ್ತು. ಕೆಲವು ತಂತ್ರಾಂಶಗಳು ಈ ಸುತ್ತನ್ನೇ ನಂಬಿಕೊಂಡಿದ್ದವು. ಎಟಿ ಯಂತ್ರದ 80286 ಪ್ರೊಸೆಸರಿಗೆ 24 ತಂತಿಗಳಿದ್ದುದರಿಂದ ಈ ಸುತ್ತು ತಪ್ಪಿತು. ಹಳಬರಿಗೆ ತೊಂದರೆಯಾಗದಿರಲೆಂದು ಇಪ್ಪತ್ತೊಂದನೆಯ ತಂತಿಗೆ ಒಂದು ಗೇಟು ಹಾಕಿದರು. ಅದನ್ನು ತೆರೆದು ಮುಚ್ಚಲು 8042ರಲ್ಲಿ ಖಾಲಿ ಇದ್ದ ಒಂದು ಪಿನ್ನನ್ನು ಬಳಸಿಕೊಂಡರು. ಹೆಚ್ಚಿನ ನೆನಪಿಗೂ ಕೀಲಿಮಣೆಗೂ ಏನೇನೂ ಸಂಬಂಧವಿಲ್ಲ. ಆದರೂ ಒಂದು ಮೆಗಾಬೈಟ್ ದಾಟಬೇಕಾದರೆ ಫರ್ಮ್‌ವೇರ್ ಕೀಲಿಮಣೆಯ ಚಿಪ್ಪಿನ ಬಳಿ ಕೈಕಟ್ಟಿ ನಿಲ್ಲಬೇಕಾಯಿತು.

1987ರಲ್ಲಿ ಬಂದ ಪಿಎಸ್/2 ಯಂತ್ರಗಳು ಆರು ಪಿನ್ನಿನ ಪುಟ್ಟ ದುಂಡು ಜೋಡಣೆಯನ್ನು ತಂದವು. ನಮ್ಮ ರಿಪೇರಿ ಹುಡುಗನ ಚೀಲದಲ್ಲಿದ್ದುದು ಈ ಜಾತಿಯದು.

ನಿಜವಾದ ಇಕ್ಕಟ್ಟು ಶುರುವಾದದ್ದು 1996ರಲ್ಲಿ ಯುಎಸ್‌ಬಿ ಬಂದ ಮೇಲೆ. ತರಗತಿಯ ಉದಾಹರಣೆಯಿಂದಲೇ ಹೇಳುತ್ತೇನೆ. ಪಿಎಸ್/2 ಕೀಲಿಮಣೆ ಕೈಯೆತ್ತಿ 'ಸಾರ್' ಎಂದು ಕೂಗುವ ಹುಡುಗನಂತೆ. ಯುಎಸ್‌ಬಿ ಕೀಲಿಮಣೆ ಹಾಜರಿ ಕರೆದಾಗ ಮಾತ್ರ ಬಾಯಿ ಬಿಡುವ ಹುಡುಗನಂತೆ. ಯಂತ್ರವೇ ಸೆಕೆಂಡಿಗೆ ಸುಮಾರು ನೂರು ಸಲ 'ಏನಾದರೂ ಒತ್ತಿದರೇ?' ಎಂದು ಕೇಳುತ್ತಿರಬೇಕು. ಅದಕ್ಕೂ ಮೊದಲು ಜೋಡಣೆಯಲ್ಲಿ ಯಾರಿದ್ದಾರೆಂದು ವಿಚಾರಿಸಬೇಕು, ಅವರಿಗೆ ವಿಳಾಸ ಕೊಡಬೇಕು, ಅವರು ಮೌಸೋ ಕೀಲಿಮಣೆಯೋ ಎಂದು ತಿಳಿಯಬೇಕು. ನಡುವೆ ಹಬ್ ಇದ್ದರೆ ಅದನ್ನೂ ದಾಟಬೇಕು. ಇಷ್ಟನ್ನೂ ಮಾಡುವ ಡ್ರೈವರ್ ಫರ್ಮ್‌ವೇರಿನ ಪುಟ್ಟ ಚಿಪ್ಪಿನೊಳಗೆ ಕೂರಬೇಕಿತ್ತು. ಯುಎಸ್‌ಬಿ ನಿಯಮ ರೂಪಿಸಿದವರು ಈ ಕಷ್ಟವನ್ನು ಅರಿತಿದ್ದರು. ಆದುದರಿಂದ ಬಯೋಸ್‌ಗಾಗಿಯೇ 'ಬೂಟ್ ಪ್ರೋಟೋಕಾಲ್' ಎಂಬ ಸರಳ ಪದ್ಧತಿಯನ್ನು ಸೇರಿಸಿದರು. ಪ್ರತಿ ಉತ್ತರವೂ 8 ಬೈಟ್. ಮೊದಲನೆಯದು ಶಿಫ್ಟ್, ಕಂಟ್ರೋಲ್ ಮುಂತಾದವುಗಳಿಗೆ, ಎರಡನೆಯದು ಖಾಲಿ, ಉಳಿದ ಆರು ಒತ್ತಿಹಿಡಿದ ಕೀಲಿಗಳಿಗೆ. ಇಲ್ಲಿ 'ಕೆ' ಕೀಲಿಯ ಸಂಖ್ಯೆ 14.

ಆದರೆ ಪೋರ್ಟ್ 60ನ್ನೇ ನೋಡುತ್ತಾ ಕುಳಿತಿದ್ದ ಡಾಸ್‌ನಂತಹ ಹಳೆಯ ತಂತ್ರಾಂಶಗಳಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅದಕ್ಕೊಂದು ಉಪಾಯ ಹೂಡಿದರು. 1990ರಲ್ಲಿ ಇಂಟೆಲ್ ತನ್ನ 386ಎಸ್‌ಎಲ್ ಪ್ರೊಸೆಸರಿನಲ್ಲಿ ವಿದ್ಯುತ್ ಉಳಿತಾಯಕ್ಕೆಂದು ಒಂದು ಗುಪ್ತ ಸ್ಥಿತಿಯನ್ನು ಇಟ್ಟಿತ್ತು. ಸಿಸ್ಟಮ್ ಮ್ಯಾನೇಜ್‌ಮೆಂಟ್ ಮೋಡ್ ಎಂದು ಅದರ ಹೆಸರು. ಆ ಸ್ಥಿತಿಗೆ ಹೋದಾಗ ವಿಂಡೋಸ್, ಲಿನಕ್ಸ್ ಯಾವುದಕ್ಕೂ ಗೊತ್ತಾಗದಂತೆ ಫರ್ಮ್‌ವೇರಿನ ಆಜ್ಞೆಗಳು ನಡೆಯುತ್ತವೆ. ಯಾವುದೋ ತಂತ್ರಾಂಶ ಪೋರ್ಟ್ 60ನ್ನು ಓದಲು ಹೋದರೆ ಯಂತ್ರ ಕ್ಷಣಕಾಲ ಈ ಗುಪ್ತ ಸ್ಥಿತಿಗೆ ಜಾರುತ್ತದೆ. ಫರ್ಮ್‌ವೇರ್ ಯುಎಸ್‌ಬಿ ಕೀಲಿಮಣೆ ಕೊಟ್ಟ 14ನ್ನು 37 ಮಾಡಿ, 8042 ಚಿಪ್ಪೇ ಕೊಟ್ಟಂತೆ ನಟಿಸಿ ಕೈಗಿಡುತ್ತದೆ. ಪಾಪ, ತಂತ್ರಾಂಶಕ್ಕೆ ತಾನು ಮಾತಾಡಿದ್ದು ವೇಷಧಾರಿಯ ಜೊತೆ ಎಂದು ತಿಳಿಯುವುದೇ ಇಲ್ಲ. ಇದು ಜಾಣತನವೇ ಸರಿ. ಆದರೆ ನಾವು ಒತ್ತುವ ಕೀಲಿಗಳು ನಮಗೆ ಕಾಣದ ಕೋಣೆಯೊಂದನ್ನು ಹಾದುಬರುತ್ತವೆ ಎಂಬುದು ನನಗಂತೂ ಹಿತವೆನಿಸುವುದಿಲ್ಲ.

ಈ ನಟನೆಗೆ ಅನೇಕ ಬಯೋಸ್‌ಗಳು ಒಂದು ಆಯ್ಕೆಯ ಸಾಲನ್ನು ಇಟ್ಟಿದ್ದವು. ನಮ್ಮ ಶಾಲೆಯ ಯಂತ್ರದಲ್ಲಿ ಮುಚ್ಚಿದ್ದುದು ಅದೇ ಸಾಲು. ಕೈಬದಲಾಯಿಸುವ ಹೊತ್ತೂ ಅಪಾಯದ್ದೇ. ಫರ್ಮ್‌ವೇರಿನಿಂದ ಆಪರೇಟಿಂಗ್ ಸಿಸ್ಟಮ್ ಯುಎಸ್‌ಬಿಯ ಯಜಮಾನಿಕೆಯನ್ನು ವಹಿಸಿಕೊಳ್ಳುವಾಗ ಎಡವಟ್ಟಾದರೆ ಕೀಲಿಮಣೆ ಸತ್ತಂತಾಗುತ್ತದೆ. 2015ರಲ್ಲಿ ಬಂದ ಇಂಟೆಲ್‌ನ ಆರನೆಯ ತಲೆಮಾರಿನ ಯಂತ್ರಗಳಲ್ಲಿ ಹಳೆಯ ಬಗೆಯ ಯುಎಸ್‌ಬಿ ನಿಯಂತ್ರಕವನ್ನು ಕೈಬಿಟ್ಟಿದ್ದರು. ಹೊಸ ನಿಯಂತ್ರಕದ ಡ್ರೈವರ್ 2009ರ ವಿಂಡೋಸ್ 7ರ ಡಿವಿಡಿಯಲ್ಲಿ ಇರಲಿಲ್ಲ. ಫರ್ಮ್‌ವೇರಿನಲ್ಲಿ ಸರಿಯಾಗಿದ್ದ ಕೀಲಿಮಣೆ, ಮೌಸ್ ಎರಡೂ ವಿಂಡೋಸ್ ಹಾಕುವ ಮೊದಲ ಪುಟದಲ್ಲೇ ನಿಂತುಹೋಗಿ ಎಷ್ಟೋ ಜನ ಕಂಗಾಲಾದರು.

ಇತ್ತ ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ತದ್ವಿರುದ್ಧವಾದ ಕಷ್ಟವಿತ್ತು. ಅಲ್ಲಿ ನೂರಾರು ಕಂಪ್ಯೂಟರುಗಳನ್ನು ಒಟ್ಟಿಗೆ ಕಟ್ಟಿ ಒಂದೇ ದೊಡ್ಡ ಯಂತ್ರದಂತೆ ದುಡಿಸುತ್ತಿದ್ದರು. ಒಂದೊಂದರ ಬಯೋಸನ್ನು ಸರಿಪಡಿಸಲೂ ಪರದೆ ಮತ್ತು ಕೀಲಿಮಣೆ ಹೊತ್ತುಕೊಂಡು ಹೋಗುವುದು ಯಾರಿಗೆ ಸಾಧ್ಯ? 1999ರಲ್ಲಿ ರಾನ್ ಮಿನ್ನಿಚ್ ಅವರು ಅಲ್ಲಿ ಲಿನಕ್ಸ್‌ಬಯೋಸ್ ಎಂಬ ಮುಕ್ತ ಫರ್ಮ್‌ವೇರ್ ಆರಂಭಿಸಿದರು. ಯಂತ್ರಾಂಶವನ್ನು ಎಬ್ಬಿಸುವಷ್ಟು ಕೆಲಸ ಮಾತ್ರ ಮಾಡಿ ಉಳಿದುದನ್ನು ಲಿನಕ್ಸಿಗೆ ಬಿಡುವುದು ಅದರ ತತ್ವ. 2008ರಲ್ಲಿ ಅದಕ್ಕೆ ಕೋರ್‌ಬೂಟ್ ಎಂದು ಹೊಸ ಹೆಸರಾಯಿತು.

ಪ್ರಯೋಗಾಲಯದಿಂದ ಸಾಮಾನ್ಯರ ಲ್ಯಾಪ್‌ಟಾಪಿಗೆ ಅದು ಬಂದಾಗ ಕೀಲಿಮಣೆಯ ಪ್ರಶ್ನೆ ಮತ್ತೆ ಎದುರಾಯಿತು. ಪಿಎಸ್/2 ಕೀಲಿಮಣೆಯನ್ನು ಎಬ್ಬಿಸಲು ನೂರಾರು ಮಿಲಿಸೆಕೆಂಡು ಬೇಕು. ಬೇಗ ಏಳುವುದನ್ನೇ ಹೆಮ್ಮೆಯೆಂದುಕೊಂಡ ಫರ್ಮ್‌ವೇರಿಗೆ ಅದು ದುಬಾರಿ. ಹಾಗಾಗಿ ಕೋರ್‌ಬೂಟ್ ಅದನ್ನು ಬೇಕಾದವರು ಆರಿಸಿಕೊಳ್ಳುವ ಆಯ್ಕೆಯಾಗಿ ಇಟ್ಟಿತು. ಏಕೆಂದರೆ ಕೋರ್‌ಬೂಟಿನ ನಂತರ ಓಡುವ ಕೆಲವು ತಂತ್ರಾಂಶಗಳು ಕೀಲಿಮಣೆಯನ್ನು ತಾವೇ ಎಬ್ಬಿಸಿಕೊಳ್ಳುತ್ತವೆ, ಕೆಲವಕ್ಕೆ ಎಬ್ಬಿಸಿಯೇ ಕೊಡಬೇಕು. ತಾನೇ ಎಬ್ಬಿಸಿಕೊಳ್ಳುವುದರಲ್ಲಿ ಸೀಬಯೋಸ್ ಒಂದು. ಕೆವಿನ್ ಓ'ಕಾನರ್ ಅವರು ಬೆಳೆಸಿದ ಈ ತಂತ್ರಾಂಶದಲ್ಲಿ ಒಂದು ಸಣ್ಣ ಸೌಲಭ್ಯವಿದೆ. ಕೆಲವು ಲ್ಯಾಪ್‌ಟಾಪುಗಳ ಕೀಲಿಮಣೆ ಗುಂಡಿ ಒತ್ತಿದ ತಕ್ಷಣ ಉತ್ತರಿಸುವುದಿಲ್ಲ. ಆಗ ಇಂತಿಷ್ಟು ಮಿಲಿಸೆಕೆಂಡಿನವರೆಗೆ ಮತ್ತೆ ಮತ್ತೆ ಕೇಳುತ್ತಾ ಕಾಯಬೇಕೆಂದು ಅದಕ್ಕೆ ಹೇಳಿಡಬಹುದು. ನಿದ್ದೆಗಣ್ಣಿನ ಹುಡುಗನನ್ನು ಎರಡು ಸಲ ಕರೆದಂತೆ. ಫರ್ಮ್‌ವೇರ್ ಸುಧಾರಣೆಯೆಂದರೆ ಬಹುಪಾಲು ಇಂತಹ ಕೆಲಸವೇ. ಇದನ್ನು ಮಾಡಿದವರ ಹೆಸರು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

2012ರ ವಿಂಡೋಸ್ 8 ಕಾಲಕ್ಕೆ ವೇಗ ಇನ್ನೂ ಹೆಚ್ಚಿತು. ಕೆಲವು ಯಂತ್ರಗಳಲ್ಲಿ ಎಫ್ 2 ಒತ್ತಲು ಸಿಗುವ ಅವಕಾಶ 200 ಮಿಲಿಸೆಕೆಂಡಿಗಿಂತ ಕಡಿಮೆ ಎಂದು ಮೈಕ್ರೋಸಾಫ್ಟ್ ತಾನೇ ಹೇಳಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲು ಮುಚ್ಚಿಹೋಗುತ್ತದೆ. ಆದುದರಿಂದ ವಿಂಡೋಸ್ ಒಳಗಿನಿಂದಲೇ ಫರ್ಮ್‌ವೇರಿಗೆ ಹೋಗುವ ದಾರಿ ಮಾಡಿದರು: ಶಿಫ್ಟ್ ಹಿಡಿದು 'ರೀಸ್ಟಾರ್ಟ್' ಒತ್ತುವುದು. ಆದರೆ ವಿಂಡೋಸೇ ಕೆಟ್ಟು ಕೂತಾಗ ಆ ದಾರಿ ಎಷ್ಟು ಉಪಯೋಗ ಎಂದು ನೀವೇ ಯೋಚಿಸಿ. ಯಾವ ಆಪರೇಟಿಂಗ್ ಸಿಸ್ಟಮ್ ಓಡಬೇಕು, ಸಿಡಿಯಿಂದಲೋ ಪೆನ್‌ಡ್ರೈವಿನಿಂದಲೋ ಎಂದು ಯಜಮಾನನು ಹೇಳಬಹುದಾದ ಜಾಗ ಈ ಹೊಸ್ತಿಲು. ಅಲ್ಲಿ ಕೀಲಿಮಣೆ ಕೇಳದಿದ್ದರೆ ದುಡ್ಡು ಕೊಟ್ಟು ಕೊಂಡ ಯಂತ್ರದ ಹೊರಗೆ ನಾವೇ ನಿಂತಂತೆ.

ಭಾಷೆಯ ಮಾತನ್ನು ಹೇಳದೆ ಮುಗಿಸಲಾರೆ. ನುಡಿ, ಇನ್‌ಸ್ಕ್ರಿಪ್ಟ್, ಇನ್‌ಪೇಜ್ ಇವೆಲ್ಲ ಆಪರೇಟಿಂಗ್ ಸಿಸ್ಟಮ್ ಎದ್ದ ಮೇಲಿನ ಲೋಕ. ಅದಕ್ಕೆ ಮೊದಲು ಓಡುವ ಗ್ರಬ್‌ನಂತಹ ತಂತ್ರಾಂಶ, ಬೇರೆ ಹೇಳದಿದ್ದರೆ, ಅಮೆರಿಕದ ಇಂಗ್ಲಿಷ್ ಕೀಲಿಮಣೆಯನ್ನೇ ಊಹಿಸಿಕೊಳ್ಳುತ್ತದೆ. ಫ್ರಾನ್ಸಿನ ಕೀಲಿಮಣೆಯಲ್ಲಿ 'ಎ' ಮತ್ತು 'ಕ್ಯೂ' ಅದಲುಬದಲು. ಡಿಸ್ಕಿಗೆ ಗುಪ್ತಪದ ಹಾಕಿದ ಫ್ರೆಂಚರು ಈ ಹಂತದಲ್ಲಿ ಸರಿಯಾದ ಪದವನ್ನೇ ಒತ್ತಿದರೂ ಯಂತ್ರ 'ತಪ್ಪು' ಎನ್ನಬಹುದು. ನಮ್ಮಲ್ಲಿ ಮಾರಾಟವಾಗುವ ಕೀಲಿಮಣೆಗಳು ಬಹುತೇಕ ಅಮೆರಿಕದ ಮಾದರಿಯವೇ ಆದ್ದರಿಂದ ನಮಗೆ ಇದರ ಬಿಸಿ ತಟ್ಟಿಲ್ಲ. ಆದರೆ ಡಿಸ್ಕಿನ ಗುಪ್ತಪದವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಇಡಲು ಹೋಗಬೇಡಿ.

ನಿಮ್ಮ ಯಂತ್ರವೂ ಏಳುವ ಹೊತ್ತಿನಲ್ಲಿ ಕೀಲಿಗೆ ಓಗೊಡದಿದ್ದರೆ ಮೊದಲು ಹಬ್ ತೆಗೆದು, ಹಿಂಬದಿಯ ಜೋಡಣೆಗೆ ನೇರವಾಗಿ ಚುಚ್ಚಿ ನೋಡಿ. ತಂತಿಯಿಲ್ಲದ ಕೀಲಿಮಣೆಯಾಗಿದ್ದರೆ ತಂತಿಯದನ್ನು ತನ್ನಿ. ಆಗಲೂ ಆಗದಿದ್ದರೆ, ಹಿಂಬದಿಯಲ್ಲಿ ನೇರಳೆ ಬಣ್ಣದ ದುಂಡು ಜೋಡಣೆ ಇದೆಯೇ ನೋಡಿ. ನಮ್ಮ ರಿಪೇರಿ ಹುಡುಗನಿಂದ ನಾನು ಆ ಹಳೆಯ ಕೀಲಿಮಣೆಯನ್ನು ಐವತ್ತು ರೂಪಾಯಿ ಕೊಟ್ಟು ಅವತ್ತೇ ಕೊಂಡುಕೊಂಡೆ. ಅದರ ಸ್ಪೇಸ್ ಕೀಲಿ ಸವೆದಿದೆ. ಎರಡು ಸಲ ಬೇರೆ ಶಾಲೆಯವರೂ ಎರವಲು ಒಯ್ದಿದ್ದಾರೆ.