ಹಾಡು ಸಿಕ್ಕಿತು, ಹೆಸರು ಸಿಗಲಿಲ್ಲ: ಪ್ಲೇಟಿನಿಂದ ಪೆನ್‌ಡ್ರೈವ್‌ವರೆಗೆ

ಹೋದ ವರ್ಷ ಮೇ ತಿಂಗಳು. ಮದುವೆಗೆ ಎರಡೇ ದಿನ ಇರುವಾಗ ನನ್ನ ತಮ್ಮನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ದೊಡ್ಡಪ್ಪನ ಮಗ ಅವನು. ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಡಿಜೆ ಹಾಕುತ್ತಾನೆ. ಒಂದು ಮಿನಿ ಲಾರಿ, ನಾಲ್ಕು ಬಾಕ್ಸು, ಮಿಕ್ಸರ್, ಲ್ಯಾಪ್‌ಟಾಪ್ ಇಷ್ಟೇ ಅವನ ಬಂಡವಾಳ. ಆ ಡಿಸ್ಕಿನಲ್ಲಿ 14,000 ಹಾಡುಗಳಿದ್ದವು. ಹುಬ್ಬಳ್ಳಿಗೆ ಒಯ್ದು ರಿಪೇರಿಗೆ ಕೊಟ್ಟ. ಮರುದಿನ ಸಂಜೆ ಫೋನ್ ಮಾಡಿದ: "ಯಣ್ಣಾ, ಹಾಡು ಬಂದಾವು. ಹೆಸರು ಬಂದಿಲ್ಲ."

ಇದೆಂಥ ಮಾತು ಎಂದುಕೊಂಡೆ. ಆಮೇಲೆ ಅರ್ಥವಾಯಿತು. ಕಂಪ್ಯೂಟರಿನಲ್ಲಿ ಹಾಡೊಂದು ಇರುವುದು ಒಂದು ಕಡೆ, ನಾವು ಅದಕ್ಕೆ ಕೊಟ್ಟ ಫೈಲ್ ಹೆಸರು ಇರುವುದು ಇನ್ನೊಂದು ಕಡೆ. ಹೆಸರುಗಳ ಪಟ್ಟಿ ಇರುವ ಜಾಗ ಕೆಟ್ಟರೆ, ಹಾಡನ್ನು ಹೆಕ್ಕಿ ತರುವ ತಂತ್ರಾಂಶ ಬರೀ ನಂಬರು ಹಾಕಿ ಕೊಡುತ್ತದೆ. ಆದರೆ ಎಂಪಿ3 ಫೈಲಿನ ಹೊಟ್ಟೆಯೊಳಗೇ ಇನ್ನೊಂದು ಚೀಟಿ ಇರುತ್ತದೆ. ಅದಕ್ಕೆ ಟ್ಯಾಗ್ ಅನ್ನುತ್ತಾರೆ. ಟ್ಯಾಗ್ ಇದ್ದ ಸಿನಿಮಾ ಹಾಡುಗಳೆಲ್ಲ ಒಂದು ರಾತ್ರಿಯಲ್ಲಿ ಹೆಸರು ಮರಳಿ ಪಡೆದವು. ಟ್ಯಾಗ್ ಇಲ್ಲದವು ಹಾಗೇ ಉಳಿದವು.

ಅವು ಯಾವುವು ಗೊತ್ತೇ? ನಮ್ಮೂರವು. ಮೂವರು ಹೆಂಗಸರು ಹಾಡಿದ ಸೋಬಾನ ಪದ, ಬೀಸುಕಲ್ಲಿನ ಪದ, ಭಜನಾ ಮೇಳದ ತತ್ವಪದ. ಸುರಗಿ ಸುತ್ತುವಾಗ ಹಾಕಬೇಕೆಂದು ಮದುಮಗಳ ತಾಯಿ ಕೇಳಿದ್ದ ಸೋಬಾನ ಪದವೂ ಅದರಲ್ಲೇ ಎಲ್ಲೋ ಇತ್ತು. ಮದುವೆಯ ದಿನ ಅದು ಸಿಗಲಿಲ್ಲ. ಆ ಜಾಗದಲ್ಲಿ ಸಿನಿಮಾ ಹಾಡು ಹಾಕಿದ.

ಹಾಡು ಮತ್ತು ಹೆಸರು ಬೇರೆಬೇರೆಯಾಗಿ ಹೋಗುವ ಈ ಕಥೆ ಕಂಪ್ಯೂಟರಿನಿಂದ ಶುರುವಾದದ್ದಲ್ಲ. ಅದಕ್ಕೆ ನೂರು ವರ್ಷ ದಾಟಿದೆ.

ಹಾಡಿನ ಕೊನೆಗೆ ಹೆಸರು ಕೂಗುತ್ತಿದ್ದವರು

1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ರೆಕಾರ್ಡಿಂಗ್ ತಜ್ಞ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತಕ್ಕೆ ಬಂದಿಳಿದ. ಅವನು ಧ್ವನಿಮುದ್ರಿಸಿಕೊಂಡ ಮೊದಲ ಗಾಯಕಿಯರಲ್ಲಿ ಗೌಹರ್ ಜಾನ್ ಒಬ್ಬರು. ಹಾಡಿದ್ದು ಇಲ್ಲಿ, ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿನ ಭಾಷೆಯೂ ತಿಳಿಯದು, ಹಾಡಿದವರು ಯಾರೆಂದೂ ತಿಳಿಯದು. ಲೇಬಲ್ ಅದಲುಬದಲಾದರೆ ಗತಿಯೇನು? ಅದಕ್ಕೆಂದೇ ಗೌಹರ್ ಜಾನ್ ಹಾಡು ಮುಗಿಯುತ್ತಿದ್ದಂತೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಹಳೆಯ ಪ್ಲೇಟುಗಳಲ್ಲಿ ಆ ದನಿ ಇವತ್ತಿಗೂ ಕೇಳುತ್ತದೆ.

ನನ್ನ ಮಟ್ಟಿಗೆ ನಮ್ಮ ದೇಶದ ಮೊದಲ ಟ್ಯಾಗ್ ಅದೇ. ಹೆಸರು ಹಾಡಿನ ಒಳಗೇ ಇತ್ತು. ಲೇಬಲ್ ಹರಿದರೂ ಹೆಸರು ಹೋಗುತ್ತಿರಲಿಲ್ಲ. ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

1908ರಲ್ಲಿ ಕಲ್ಕತ್ತದ ಸಿಯಾಲ್ದಾದಲ್ಲೇ ಪ್ಲೇಟಿನ ಕಾರ್ಖಾನೆ ಬಂತು. ಹೆಸರು ಕೂಗುವ ಪದ್ಧತಿಯೂ ಬರಬರುತ್ತ ನಿಂತಿತು. ಆಮೇಲೆ ಹೆಸರಿನ ಹೊಣೆಯೆಲ್ಲ ಪ್ಲೇಟಿನ ನಡುವೆ ಅಂಟಿಸಿದ ದುಂಡನೆಯ ಕಾಗದದ್ದು.

ದೊಡ್ಡಪ್ಪನ ಕೆಂಪು ಪುಸ್ತಕ

ನಮ್ಮ ದೊಡ್ಡಪ್ಪ ಮೈಕ್‌ಸೆಟ್ ಇಟ್ಟದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಎರಡು ಹಾರ್ನು, ಒಂದು ಆಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್, ಲಾರಿಯ ಬ್ಯಾಟರಿ. ಮದುವೆ ಮನೆ ಮುಂದಿನ ಬೇವಿನ ಮರದ ತುದಿಗೆ ಹಾರ್ನು ಕಟ್ಟಿದರೆ ಪಕ್ಕದ ಊರಿಗೂ ಸುದ್ದಿ ಮುಟ್ಟುತ್ತಿತ್ತು.

ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟುಗಳ ಕಾಲ ಆಗಲೇ ಮುಗಿದಿತ್ತು. ಮುಖವೊಂದಕ್ಕೆ ಮೂರು ನಿಮಿಷದ ಹಾಡು, ಕೈಜಾರಿದರೆ ಚೂರು, ಅಂಥವು ಅವು. ದೊಡ್ಡಪ್ಪನ ಹತ್ತಿರ ಇದ್ದದ್ದು ಹೆಚ್ಚಾಗಿ 45 ಸುತ್ತಿನ ಸಣ್ಣ ಪ್ಲೇಟುಗಳು. ತಗಡಿನ ಟ್ರಂಕಿನಲ್ಲಿ ನಿಲ್ಲಿಸಿ ಜೋಡಿಸುತ್ತಿದ್ದರು, ಮಲಗಿಸಿದರೆ ಡೊಂಕಾಗುತ್ತವೆಂದು. ಪ್ರತಿ ಕವರಿನ ಮೇಲೆ ನಂಬರು. ಆ ನಂಬರಿಗೊಂದು ಪುಸ್ತಕ. ಅಂಗಡಿಯವರು ಕಿರ್ದಿ ಬರೆಯುವ ಕೆಂಪು ರಟ್ಟಿನ ಉದ್ದ ಪುಸ್ತಕವದು. ಅದರಲ್ಲಿ ನಾಲ್ಕು ಮನೆ: ನಂಬರು, ಹಾಡಿನ ಮೊದಲ ಮಾತು, ಹಾಡಿದವರು, ಹಾಕುವ ಹೊತ್ತು.

ಆ ನಾಲ್ಕನೆಯ ಮನೆಯೇ ಕಸುಬಿನ ಗುಟ್ಟು. ಮುಂಜಾನೆ ದೇವರದು, ಸುರಗಿಗೆ ಸೋಬಾನದ್ದು, ಊಟದ ಪಂಕ್ತಿಗೆ ಗದ್ದಲವಿಲ್ಲದ್ದು, ಹೆಣ್ಣು ಕಳಿಸುವಾಗ ಕಣ್ಣಲ್ಲಿ ನೀರು ತರುವಂಥದ್ದು. "ಯಾವ ಹಾಡು ಐತಿ ಅನ್ನೂದಕ್ಕಿಂತ ಎಲ್ಲೈತಿ ಅನ್ನೂದು ಗೊತ್ತಿರಬೇಕಪಾ, ಗೊತ್ತಿಲ್ಲಂದ್ರ ಇದ್ರೂ ಇಲ್ಲದಂಗ," ಅನ್ನುತ್ತಿದ್ದರು ದೊಡ್ಡಪ್ಪ.

ಕ್ಯಾಸೆಟ್ ಕೊಟ್ಟದ್ದು, ಕಸಿದದ್ದು

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ. ನಮ್ಮ ಹಳ್ಳಿಗಳಿಗೆ ಅದು ಬಂದದ್ದು ಎಂಬತ್ತರ ದಶಕದಲ್ಲಿ. 1978ರಲ್ಲಿ ಬಂದ ನಿಸಾರ್ ಅಹಮದರ 'ನಿತ್ಯೋತ್ಸವ' ಕವಿತೆಗಳನ್ನು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಒಯ್ದಿತ್ತು. ಬಳಿಕ ಉತ್ತರ ಕರ್ನಾಟಕದಲ್ಲಿ ಜಾನಪದ ಗೀತೆ, ಶರೀಫರ ತತ್ವಪದ, ಸಣ್ಣಾಟದ ಕ್ಯಾಸೆಟ್ಟುಗಳು ಸಂತೆಯಲ್ಲೂ ಸಿಗತೊಡಗಿದವು. ಕರಾವಳಿಯಲ್ಲಿ ಯಕ್ಷಗಾನದವು.

ಪ್ಲೇಟಿಗೆ ಕಾರ್ಖಾನೆ ಬೇಕಿತ್ತು. ಕ್ಯಾಸೆಟ್ಟಿಗೆ ಒಂದು ಟೇಪ್‌ರೆಕಾರ್ಡರ್, ಎರಡು ಬೆರಳು ಸಾಕು. ಬೀಸುಕಲ್ಲಿನ ಮುಂದೆ ಕೂತ ಹೆಂಗಸು ಕೂಡ ಹಾಡುಗಾರ್ತಿಯಾಗಿ ದಾಖಲಾಗಬಹುದಾದ ಕಾಲ ಮೊದಲ ಬಾರಿಗೆ ಬಂತು. ದೊಡ್ಡಪ್ಪ ನಮ್ಮ ಓಣಿಯ ಮೂವರನ್ನು ಪಡಸಾಲೆಯಲ್ಲಿ ಕೂರಿಸಿ, 60 ನಿಮಿಷದ ಖಾಲಿ ಕ್ಯಾಸೆಟ್ಟುಗಳಿಗೆ ಪದ ತುಂಬಿಸಿದರು. ನಡುನಡುವೆ ಕೋಳಿ ಕೂಗಿದ್ದೂ ಕೇಳುತ್ತದೆ. ಡಬ್ಬಿಯ ಒಳಗಿನ ಮಡಿಚಿದ ಕಾರ್ಡಿನ ಮೇಲೆ ಯಾವ ಪದ ಯಾರು ಹಾಡಿದ್ದೆಂದು ನೀಲಿ ಪೆನ್ನಿನಲ್ಲಿ ಬರೆದಿಟ್ಟರು.

ತೊಂದರೆ ಎಂದರೆ, ಆ ಕಾರ್ಡು ಕ್ಯಾಸೆಟ್ಟಿಗೆ ಅಂಟಿಕೊಂಡಿರಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಒಂದರ ಡಬ್ಬಿಗೆ ಇನ್ನೊಂದು ಸೇರುತ್ತಿತ್ತು. ಕಾರ್ಡಿಗೆ ಮಳೆನೀರು ತಾಗಿ ಪೆನ್ನಿನ ಮಸಿ ಹರಡುತ್ತಿತ್ತು. ಕೆಂಪು ಪುಸ್ತಕದಲ್ಲಿ ಕ್ಯಾಸೆಟ್ಟಿನ ಲೆಕ್ಕ ಬರೆಯುವುದನ್ನೂ ದೊಡ್ಡಪ್ಪ ಅಷ್ಟರಲ್ಲಿ ಬಿಟ್ಟಿದ್ದರು. ಕಾರ್ಡೇ ಇದೆಯಲ್ಲ ಎಂಬ ಭರವಸೆ.

128 ಬೈಟಿನ ಚೀಟಿ

ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಸಂಶೋಧಕರು ತಮ್ಮ ಫೈಲುಗಳಿಗೆ 'ಎಂಪಿ3' ಎಂಬ ಬಾಲ ಗೊತ್ತುಮಾಡಿದ್ದು 1995ರ ಜುಲೈಯಲ್ಲಿ. ಆ ಫೈಲಿನಲ್ಲಿ ಹಾಡಿತ್ತು, ಹೆಸರಿಗೆ ಜಾಗವಿರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಫೈಲಿನ ಕೊನೆಗೆ 128 ಬೈಟಿನ ಒಂದು ಚೀಟಿ ಅಂಟಿಸುವ ಉಪಾಯ ಮಾಡಿದರು. ಅದೇ ಐಡಿ3 ಟ್ಯಾಗ್. ಹಾಡಿನ ಹೆಸರಿಗೆ 30 ಬೈಟ್, ಹಾಡಿದವರಿಗೆ 30, ಆಲ್ಬಮ್‌ಗೆ 30, ವರ್ಷಕ್ಕೆ 4, ಹೀಗೆ. ಗೌಹರ್ ಜಾನ್ ಮಾಡಿದ್ದನ್ನೇ ಇದೂ ಮಾಡಿತು. ಹಾಡಿನ ಕೊನೆಗೆ ಹೆಸರು.

ಆದರೆ ಆ ಚೀಟಿ ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. 'ಬೀ' ಅನ್ನಲು 'ಬ'ಕ್ಕೊಂದು, ಗುಡಿಸಿನ ದೀರ್ಘಕ್ಕೊಂದು ಎಂದು 6 ಬೈಟ್. ಆ ಚೀಟಿಯಲ್ಲಿ ಕನ್ನಡ ತುರುಕಿದರೂ ಹಿಡಿಯುವುದು ಹತ್ತು ಚಿಹ್ನೆ. 1998ರ ಎರಡನೇ ಆವೃತ್ತಿ ಯೂನಿಕೋಡಿಗೂ ಉದ್ದ ಹೆಸರಿಗೂ ಜಾಗ ಕೊಟ್ಟಿತು. ಆದರೆ ನಾವು ಕೊಳ್ಳುವ ಎಷ್ಟೋ ಪ್ಲೇಯರುಗಳ ಪರದೆಯಲ್ಲಿ ಕನ್ನಡ ಇವತ್ತಿಗೂ ಬರೀ ಚೌಕವಾಗಿ ಕಾಣುತ್ತದೆ. ಹಾಗಾಗಿ ಡಿಜೆಗಳು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ಒಬ್ಬ ದೀರ್ಘಕ್ಕೆ ಒಂದು 'ಎ' ಹಾಕಿದರೆ ಇನ್ನೊಬ್ಬ ಎರಡು. ಒಂದೇ ಹಾಡು ಮೂರು ಹೆಸರಲ್ಲಿ ಮೂರು ಕಡೆ ಕೂತಿರುತ್ತದೆ, ಬೇಕಾದಾಗ ಒಂದೂ ಸಿಗುವುದಿಲ್ಲ.

ಮುಂದಿನದು ನಿಮಗೆಲ್ಲ ನೆನಪಿರಬಹುದು. ನೂರೈವತ್ತು ಹಾಡಿನ ಎಂಪಿ3 ಸಿಡಿ ಬಂತು. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಟ್ಟರು. ಇಳಿಸಿಕೊಂಡ ಎಷ್ಟೋ ಹಾಡುಗಳಲ್ಲಿ ಗಾಯಕರ ಹೆಸರಿನ ಜಾಗದಲ್ಲಿ ಜಾಲತಾಣದ ವಿಳಾಸ ಕೂತಿತ್ತು. ಹಾಡಿದವರು ಮರೆಯಾಗಿ, ಕದ್ದು ಹಂಚಿದವರು ಚೀಟಿಯ ಮೇಲೆ ಬಂದರು.

ದೊಡ್ಡಪ್ಪನ ಕ್ಯಾಸೆಟ್ಟುಗಳನ್ನು ತಮ್ಮ ಕಂಪ್ಯೂಟರಿಗೆ ಇಳಿಸಿದ್ದು ಈ ಹೊತ್ತಿನಲ್ಲೇ. ಫೋಲ್ಡರಿಗೆ ಹೆಸರು ಕೊಟ್ಟ, ಫೈಲುಗಳಿಗೂ ಕೊಟ್ಟ. ಟ್ಯಾಗ್ ಖಾಲಿ ಬಿಟ್ಟ. ಕ್ಯಾಸೆಟ್ಟುಗಳನ್ನು ಅಟ್ಟಕ್ಕೆ ಹಾಕಿದ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಟೇಪಿಗೆ ಬೂಷ್ಟು ಹಿಡಿದಿತ್ತು.

ಒಬ್ಬಾಕೆ ಉಳಿದಿದ್ದರು

ಈಗ ಡಿಜೆ ತಂತ್ರಾಂಶಗಳು ಹಾಡಿನ ಓಟವನ್ನು ತಾವೇ ಎಣಿಸುತ್ತವೆ, ನಿಮಿಷಕ್ಕೆ ಎಷ್ಟು ಬಡಿತವೆಂದು. ಪ್ಲೇಟುಗಳನ್ನು ಹೊರುತ್ತಿದ್ದ ಪೆಟ್ಟಿಗೆಯ ನೆನಪಿಗೆ, ಹಾಡಿನ ಗುಂಪಿಗೆ 'ಕ್ರೇಟ್' ಎಂದು ಕರೆಯುವ ತಂತ್ರಾಂಶವೂ ಇದೆ. ಆದರೆ ಸುರಗಿಗೆ ಯಾವುದು, ಹೆಣ್ಣು ಕಳಿಸಲು ಯಾವುದು ಎಂದು ಯಂತ್ರ ಹೇಳುವುದಿಲ್ಲ. ಹಾಡಿದ್ದು ಯಾರ ದನಿ ಎಂದಂತೂ ಹೇಳುವುದೇ ಇಲ್ಲ.

ಮದುವೆ ಮುಗಿದ ವಾರ ತಮ್ಮ ಆ ನಂಬರಿನ ಫೈಲುಗಳನ್ನು ಫೋನಿಗೆ ಹಾಕಿಕೊಂಡು, ಮೂವರಲ್ಲಿ ಉಳಿದಿರುವ ಒಬ್ಬ ಆಯಿಯ ಮನೆಗೆ ಹೋದ. ನಾನೂ ಹೋಗಿದ್ದೆ. ಎಂಬತ್ತು ದಾಟಿದ ಜೀವ. ಮೊದಲ ಹಾಡು ಕೇಳಿ ಸುಮ್ಮನಿದ್ದರು. ಎರಡನೆಯದಕ್ಕೆ ಕೈ ಎತ್ತಿದರು: "ಇದು ನಂದಲ್ಲೋ ತಮ್ಮಾ. ಅಕಿ ದನಿ. ನಾ ಹಿಂದ ಸೊಲ್ಲು ಹಿಡದೀನಿ." ಆಕೆ ತೀರಿಕೊಂಡು ಹನ್ನೆರಡು ವರ್ಷವಾಗಿದೆ. ತಮ್ಮ ಅಲ್ಲೇ ಕೂತು ಆಕೆಯ ಹೆಸರನ್ನು ಟ್ಯಾಗಿನೊಳಗೆ ಕನ್ನಡದಲ್ಲೇ ಬರೆದ. ಚೌಕ ಕಂಡರೆ ಕಾಣಲಿ ಎಂದ.

ಮೂರು ದಿನ ಹೋದೆವು. 43ರಲ್ಲಿ 32 ಪದಗಳಿಗೆ ಹೆಸರು ಸಿಕ್ಕಿತು. ಮದುಮಗಳ ತಾಯಿ ಕೇಳಿದ್ದೂ ಸಿಕ್ಕಿತು, ಅವರಿಗೆ ಕಳಿಸಿಕೊಟ್ಟ. ಈಗ ಎಲ್ಲದರ ಒಂದು ಪ್ರತಿ ನನ್ನ ಬಳಿ ಬೇರೆ ಡಿಸ್ಕಿನಲ್ಲಿದೆ. ದೊಡ್ಡಪ್ಪನ ಕೆಂಪು ಪುಸ್ತಕದ ಖಾಲಿ ಹಾಳೆಗಳಲ್ಲಿ ಅದೇ ನಾಲ್ಕು ಮನೆ ಎಳೆದು ಪಟ್ಟಿಯನ್ನೂ ಬರೆದಿದ್ದೇವೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕ್ಯಾಸೆಟ್ಟು ಇರಬಹುದು. ಕಂಪ್ಯೂಟರಿಗೆ ಆಮೇಲೆ ಇಳಿಸುವಿರಂತೆ. ದನಿ ಗುರುತು ಹಿಡಿಯುವವರು ಯಾರಾದರೂ ಊರಲ್ಲಿದ್ದರೆ, ಮೊದಲು ಅವರ ಮನೆಗೆ ಹೋಗಿ ಬನ್ನಿ. ನಮ್ಮ 11 ಪದಗಳಿಗೆ ಇನ್ನೂ ಹೆಸರಿಲ್ಲ.