ನಾಲಗೆ ಕತ್ತರಿಸಿದ ಮೇಲೂ ಉಳಿದ ಮಾತು

ಇವತ್ತಿನ ಸಂಚಿಕೆಯಲ್ಲಿ ಎರಡು ಸಾವಿರ ವರ್ಷ ಹಳೆಯ ಒಂದು ಕಾವ್ಯ, ಅದನ್ನು ಇಂಗ್ಲಿಷಿಗೆ ತಂದವರ ಕತೆ.

ಕಾವ್ಯದ ಹೆಸರು 'ಮೆಟಮಾರ್ಫೊಸೀಸ್', ಅಂದ್ರೆ ರೂಪಾಂತರಗಳು. ಬರೆದವನು ರೋಮ್‌ನ ಕವಿ ಓವಿಡ್. ಲ್ಯಾಟಿನ್ ಭಾಷೆ, 15 ಭಾಗ, ಸುಮಾರು 12,000 ಸಾಲು. ಇಲ್ಲಿ ಹುಡುಗಿ ಮರವಾಗ್ತಾಳೆ, ಬೇಟೆಗಾರ ಜಿಂಕೆಯಾಗ್ತಾನೆ.

ಆರನೇ ಭಾಗದಲ್ಲಿ ಫಿಲೊಮೆಲಾ ಅನ್ನೋ ರಾಜಕುಮಾರಿಯ ಕತೆ ಬರುತ್ತೆ. ಅಕ್ಕನ ಗಂಡ, ಥ್ರೇಸ್‌ನ ರಾಜ ಟೆರಿಯಸ್, ಅವಳ ಮೇಲೆ ಅತ್ಯಾಚಾರ ಮಾಡ್ತಾನೆ. ಎಲ್ಲರಿಗೂ ಹೇಳ್ತೀನಿ ಅಂದಾಗ ನಾಲಗೆ ಕತ್ತರಿಸ್ತಾನೆ. ಆಕೆ ಸುಮ್ಮನಾಗಲ್ಲ. ಮಗ್ಗದ ಮುಂದೆ ಕೂತು, ನಡೆದದ್ದನ್ನು ಬಟ್ಟೆಯಲ್ಲಿ ನೇಯ್ದು ಅಕ್ಕನಿಗೆ ಕಳಿಸ್ತಾಳೆ.

ಇಡೀ ಕಾವ್ಯ ಇಂಗ್ಲಿಷ್ ಪದ್ಯದಲ್ಲಿ ಅಚ್ಚಾದದ್ದು 1567ರಲ್ಲಿ. ಅನುವಾದಕ ಆರ್ಥರ್ ಗೋಲ್ಡಿಂಗ್. ವಿಚಿತ್ರ ನೋಡಿ, ಈತ ಕಟ್ಟಾ ಪ್ರಾಟೆಸ್ಟೆಂಟ್. ಧರ್ಮಸುಧಾರಕ ಕ್ಯಾಲ್ವಿನ್‌ನ ಬರಹಗಳನ್ನೂ ಅನುವಾದಿಸಿದವನು. ಅದಕ್ಕೇ ಈ ಕತೆಗಳಿಂದ ಯಾವ ನೀತಿ ಕಲಿಯಬೇಕು ಅಂತ ಮೊದಲೇ ಪದ್ಯದಲ್ಲಿ ಹೇಳಿಬಿಟ್ಟ. ಗೋಲ್ಡಿಂಗ್‌ನನ್ನು ಓದಿದವರಲ್ಲಿ ಶೇಕ್ಸ್‌ಪಿಯರ್ ಕೂಡ ಒಬ್ಬ. ಆದರೆ ಅವನು ಹಿಡಿದದ್ದು ನೀತಿಯನ್ನಲ್ಲ, ಕತೆಯನ್ನು. ಅವನ 'ಟೈಟಸ್ ಆಂಡ್ರೋನಿಕಸ್' ನಾಟಕದಲ್ಲಿ ಲವೀನಿಯಾಳ ನಾಲಗೆ ಮಾತ್ರವಲ್ಲ, ನೇಯಲಾಗದಂತೆ ಕೈಗಳನ್ನೂ ಕತ್ತರಿಸ್ತಾರೆ. ಆಗ ಆಕೆ ರಂಗದ ಮೇಲೆಯೇ ಓವಿಡ್‌ನ ಪುಸ್ತಕದ ಹಾಳೆ ಮಗುಚಿ ಫಿಲೊಮೆಲಾ ಕತೆಯನ್ನು ತೋರಿಸ್ತಾಳೆ. ಪುಸ್ತಕವೇ ಸಾಕ್ಷಿ ಹೇಳುತ್ತೆ.

ಸಾಕ್ಷಿ ಅಂದ ಮೇಲೆ ಪದಗಳು ಮುಖ್ಯ ಅಲ್ವಾ? ಓವಿಡ್ ಇಲ್ಲಿ ಬಳಸೋದು ಬಲಾತ್ಕಾರ ಅನ್ನೋ ಅರ್ಥದ ಪದ. ಆದರೆ ಮುಂದಿನ ಶತಮಾನಗಳಲ್ಲಿ ಅನುವಾದಗಳು ಒಂದರ ಹಿಂದೊಂದು ಬಂದವು. ಜಾರ್ಜ್ ಸ್ಯಾಂಡಿಸ್ 1621ರಲ್ಲಿ ವರ್ಜೀನಿಯಾಕ್ಕೆ ಹೊರಟ ಹಡಗಿನಲ್ಲೇ ಎರಡು ಭಾಗ ಮುಗಿಸಿದ. ಇಡೀ ಕೃತಿ 1626ರಲ್ಲಿ ಬಂತು. 1717ರಲ್ಲಿ ವೈದ್ಯ ಸ್ಯಾಮ್ಯುಯೆಲ್ ಗಾರ್ತ್, ಡ್ರೈಡನ್ ಮೊದಲಾದ ಹಲವು ಕವಿಗಳ ಅನುವಾದಗಳನ್ನು ಒಟ್ಟು ಸೇರಿಸಿ ಪ್ರಕಟಿಸಿದ.

2022ರಲ್ಲಿ ಅಮೆರಿಕದ ಪ್ರಾಧ್ಯಾಪಕಿ ಸ್ಟೆಫನಿ ಮೆಕಾರ್ಟರ್ ಹೊಸ ಪದ್ಯಾನುವಾದ ತಂದರು. ಹಿಂದಿನ ಎಷ್ಟೋ ಅನುವಾದಕರು ಅತ್ಯಾಚಾರದ ಪ್ರಸಂಗಗಳಿಗೆ ಮೆತ್ತನೆಯ ಪದ ಹೊದಿಸಿದ್ದಾರೆ ಅನ್ನೋದು ಅವರ ವಾದ. ಓವಿಡ್ ಹಿಂಸೆ ಅಂದ ಕಡೆ ಅವರೂ ಹಿಂಸೆ ಅಂತಲೇ ಬರೆದರು.

ಇದು ಬರೀ ಪಂಡಿತರ ಜಗಳ ಅಲ್ಲ. ಹೆಚ್ಚಿನವರು ಓವಿಡ್‌ನನ್ನು ಲ್ಯಾಟಿನ್‌ನಲ್ಲಿ ಓದಲ್ಲ. ಅವರ ಪಾಲಿಗೆ ಅನುವಾದಕ ಬರೆದದ್ದೇ ನಡೆದದ್ದು. ಅಲ್ಲಿ ಒಂದು ಪದ ಮೆತ್ತಗಾದರೂ ಸಾಕು, ಫಿಲೊಮೆಲಾಳ ಬಾಯಿ ಇನ್ನೊಮ್ಮೆ ಮುಚ್ಚಿದಂತೆ.