ಅಥೆನ್ಸಿನ ವಾಗ್ಮಿ ಹೈಪರೈಡೀಸ್

ಮ್ಯಾಸಿಡೋನಿಯದ ವಿಸ್ತರಣವನ್ನು ಎದುರಿಸಿದ ಅಥೆನ್ಸಿನ ವಾಗ್ಮಿಗಳಲ್ಲಿ ನಮ್ಮ ಪಠ್ಯಪುಸ್ತಕಗಳು ಡೆಮಾಸ್ತನೀಸನೊಬ್ಬನನ್ನೇ ಹೆಸರಿಸುವುದು ವಾಡಿಕೆ. ಅವನ ಸಹಕಾರಿಯಾಗಿದ್ದು ಒಮ್ಮೆ ಅವನ ಮೇಲೆಯೇ ಆಪಾದನೆ ಹೊರಿಸಿದ ಹೈಪರೈಡೀಸನ (ಸು. ಕ್ರಿ.ಪೂ. 390–322) ಹೆಸರು ಬಂದರೂ, ಅದು ಫ್ರೈನೀ ಎಂಬ ಗಣಿಕೆಯ ವಿಚಾರಣೆಯ ಪ್ರಸಂಗದಲ್ಲಿ ಮಾತ್ರ. ಅವಳ ಎದೆಯ ವಸ್ತ್ರವನ್ನು ಸರಿಸಿ ಮೊಕದ್ದಮೆ ಗೆದ್ದನೆಂಬ ಆ ಕಥೆ ನಂಬತಕ್ಕದ್ದಲ್ಲ. ಕಾಲದಲ್ಲಿ ಸಮೀಪನಾದ ಹಾಸ್ಯನಾಟಕಕಾರ ಪೊಸಿಡಿಪ್ಪಸನ ಪ್ರಕಾರ, ಫ್ರೈನೀ ತಾನೇ ಒಬ್ಬೊಬ್ಬ ನ್ಯಾಯದರ್ಶಿಯ ಕೈಹಿಡಿದು ಕಣ್ಣೀರಿಟ್ಟಳು.

ಪ್ರಾಚೀನರು ಇವನನ್ನು ಅಟ್ಟಿಕಾದ ಹತ್ತು ಮಹಾವಾಗ್ಮಿಗಳಲ್ಲಿ ಸೇರಿಸಿದ್ದರು. ಇವನ ಹೆಸರಿನಲ್ಲಿದ್ದ 77 ಭಾಷಣಗಳಲ್ಲಿ 52 ನಿಜವಾದವೆಂದು ಗಣಿಸಲ್ಪಟ್ಟಿದ್ದವು. ಗುಣಗಳನ್ನು ಸಂಖ್ಯೆಯಿಂದ ಎಣಿಸುವುದಾದರೆ ಇವನು ಡೆಮಾಸ್ತನೀಸನನ್ನು ಮೀರಿಸುವನೆಂದು ಲಾಂಜೈನಸನೆಂದು ಹೆಸರಾದ ವಿಮರ್ಶಕನು ಬರೆದಿದ್ದಾನೆ. ಆದರೆ ಮಧ್ಯಯುಗದ ಹಸ್ತಪ್ರತಿಗಳ ಮೂಲಕ ಇವನ ಒಂದು ಭಾಷಣವೂ 19ನೆಯ ಶತಮಾನದ ವಿದ್ವಾಂಸರ ಕೈಸೇರಲಿಲ್ಲ. 1847ರಿಂದೀಚೆಗೆ ಈಜಿಪ್ಟಿನಲ್ಲಿ ದೊರೆತ ಪಪೈರಸ್ ಸುರುಳಿಗಳಿಂದಲೇ ಇವನ ಮಾತು ಮತ್ತೆ ಕೇಳಿಬಂದಿತು.

ಅವುಗಳಲ್ಲಿ 1888ರಲ್ಲಿ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಸೇರಿದ ‘ಅಥೆನೊಜಿನೀಸನ ವಿರುದ್ಧ’ ಎಂಬ ಭಾಷಣವು ಸಾಮಾಜಿಕ ಇತಿಹಾಸದ ವಿದ್ಯಾರ್ಥಿಗೆ ಅಮೂಲ್ಯವಾದುದು. ಎಪಿಕ್ರಟೀಸನೆಂಬ ಕೃಷಿಕನು ಸುಗಂಧತೈಲದ ಅಂಗಡಿಯ ದಾಸಬಾಲಕನೊಬ್ಬನಲ್ಲಿ ಅನುರಕ್ತನಾಗಿ ಅವನನ್ನು ಬಿಡಿಸಲು ಹೋದನು. ಅಂಗಡಿಯ ಒಡೆಯ, ಅಥೆನ್ಸಿನಲ್ಲಿ ನೆಲಸಿದ್ದ ಈಜಿಪ್ಟಿನ ಅಥೆನೊಜಿನೀಸ್, ಬಾಲಕನನ್ನೂ ಅವನ ತಂದೆ ಮತ್ತು ಸೋದರನನ್ನೂ ಅಂಗಡಿಸಹಿತ 40 ಮಿನಾಗಳಿಗೆ ಮಾರಿ, ಅಂಗಡಿಯ ಸಾಲಗಳು ಕೊಂಡವನಿಗೇ ಸೇರತಕ್ಕವೆಂದು ಕರಾರಿನಲ್ಲಿ ಬರೆಸಿದನು. ಬಳಿಕ ಹೊರಬಿದ್ದ ಸಾಲ ಸುಮಾರು 5 ಟ್ಯಾಲೆಂಟ್, ಎಂದರೆ 300 ಮಿನಾ! ಉಭಯರೂ ಒಪ್ಪಿದ ಕರಾರು ಬಂಧಕವೆಂಬ ಕಾನೂನು ಎದುರಿಗಿತ್ತು. ಎಪಿಕ್ರಟೀಸನಿಗೆ ಬರೆದುಕೊಟ್ಟ ಭಾಷಣದಲ್ಲಿ ಹೈಪರೈಡೀಸನು, ಆ ಕಾನೂನು ನ್ಯಾಯವಾದ ಕರಾರಿಗೆ ಮಾತ್ರ ಅನ್ವಯಿಸುವುದೆಂದು ವಾದಿಸಿ, ದಾಸನನ್ನು ಮಾರುವವನು ಅವನ ದೈಹಿಕ ದೋಷಗಳನ್ನು ಮೊದಲೇ ತಿಳಿಸಬೇಕೆಂಬ ಇನ್ನೊಂದು ಕಾನೂನನ್ನು ಮುಂದಿಡುತ್ತಾನೆ. ದಾಸ್ಯವನ್ನು ಮಾತ್ರ ಅವನು ಪ್ರಶ್ನಿಸುವುದಿಲ್ಲ.

ಅದೇ ಮನುಷ್ಯನು ಕ್ರಿ.ಪೂ. 338ರಲ್ಲಿ, ಕೈರೊನೀಯದ ಸೋಲಿನ ಮರುಗಳಿಗೆಯಲ್ಲಿ, ನಗರರಕ್ಷಣೆಗಾಗಿ ದಾಸರನ್ನು ಬಿಡುಗಡೆಮಾಡಿ ಪರದೇಶೀಯರಿಗೆ ಪೌರತ್ವ ಕೊಡಬೇಕೆಂದು ಸೂಚಿಸಿದನು. ಇದು ಕಾನೂನುಬಾಹಿರವೆಂಬ ಆಪಾದನೆಯನ್ನು ಎದುರಿಸಿ ಗೆದ್ದನು.

ಹೈಪರೈಡೀಸನ ಚಾರಿತ್ರ್ಯದ ಮೇಲಿನ ದೊಡ್ಡ ಆಕ್ಷೇಪಣೆ ಹಾರ್ಪಲಸನ ಪ್ರಕರಣದ್ದು. ಅಲೆಕ್ಸಾಂಡರನ ಕೋಶಾಧಿಕಾರಿ ಹಾರ್ಪಲಸ್ ಕ್ರಿ.ಪೂ. 324ರಲ್ಲಿ ಹಣದೊಡನೆ ಅಥೆನ್ಸಿಗೆ ಓಡಿಬಂದನು. 700 ಟ್ಯಾಲೆಂಟೆಂದು ಹೇಳಿದ್ದ ಆ ಹಣದಲ್ಲಿ ಅರ್ಧದಷ್ಟು ಮಾತ್ರ ಲೆಕ್ಕಕ್ಕೆ ಸಿಕ್ಕಿತು. ಡೆಮಾಸ್ತನೀಸನು 20 ಟ್ಯಾಲೆಂಟ್ ಪಡೆದನೆಂದು ಆಪಾದಿಸಿದ ಹತ್ತು ಮಂದಿಯಲ್ಲಿ ಹೈಪರೈಡೀಸನೂ ಒಬ್ಬನು. ಇದನ್ನು ಮಿತ್ರದ್ರೋಹವೆನ್ನುವುದು ಸುಲಭ. ಆದರೆ 2002ರಲ್ಲಿ ಮತ್ತೊಂದು ಸಾಕ್ಷ್ಯ ದೊರೆಯಿತು. ಆರ್ಕಿಮಿಡೀಸನ ಗ್ರಂಥಗಳುಳ್ಳ, ಹಳೆಯ ಬರಹಗಳನ್ನು ಕೆರೆದು ಪ್ರಾರ್ಥನಾಪುಸ್ತಕವಾಗಿಸಿದ್ದ ಚರ್ಮಪತ್ರಗಳಲ್ಲಿ ಹೈಪರೈಡೀಸನ ಹತ್ತು ಪುಟಗಳು ಗುರುತಿಸಲ್ಪಟ್ಟವು. ಮಧ್ಯಯುಗದ ಹಸ್ತಪ್ರತಿಯೊಂದು ಉಳಿದೇ ಇದ್ದಿತು! ಅದರಲ್ಲಿನ ‘ಡಿಯೊಂಡಾಸನ ವಿರುದ್ಧ’ ಎಂಬ ಭಾಷಣದಲ್ಲಿ, ಡೆಮಾಸ್ತನೀಸನಿಗೆ ಗೌರವ ಸಲ್ಲಬೇಕೆಂದು ತಾನು ತಂದ ನಿರ್ಣಯವನ್ನು ಸೋಲಿನ ನಂತರವೂ ಅವನು ಸಮರ್ಥಿಸುತ್ತಾನೆ. ಸೋತ ನೀತಿಯನ್ನು ಬಿಟ್ಟುಕೊಡದವನು ಹಣದ ವಿಷಯದಲ್ಲಿ ಮಿತ್ರನನ್ನು ಬಿಡಲಿಲ್ಲವೆಂದೇ ನನ್ನ ತಿಳಿವಳಿಕೆ.

ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರನು ಮಡಿದೊಡನೆ ಇಬ್ಬರೂ ಮತ್ತೆ ಒಂದಾಗಿ ಗ್ರೀಕ್ ನಗರಗಳನ್ನು ಯುದ್ಧಕ್ಕೆ ಕರೆದರು. ಲಾಮಿಯದ ಮುತ್ತಿಗೆಯಲ್ಲಿ ಮಡಿದ ಸೇನಾನಿ ಲಿಯಾಸ್ತನೀಸನಿಗೂ ಅವನ ಯೋಧರಿಗೂ ಚರಮಪ್ರಶಸ್ತಿ ನುಡಿದವನು ಹೈಪರೈಡೀಸ್. ಇಂಥ ಭಾಷಣಗಳಲ್ಲಿ ವ್ಯಕ್ತಿಯ ಹೆಸರೆತ್ತದಿರುವ ಸಂಪ್ರದಾಯವನ್ನು ಅವನು ಅಲ್ಲಿ ಮುರಿದನು. 322ರಲ್ಲಿ ಕ್ರಾನನ್ನಿನ ಯುದ್ಧ ಸೋತಮೇಲೆ ಆಂಟಿಪೇಟರನು ಇಬ್ಬರನ್ನೂ ಒಪ್ಪಿಸಬೇಕೆಂದು ಕೇಳಿದನು. ಡೆಮಾಸ್ತನೀಸನು ವಿಷ ಸೇವಿಸಿದನು. ಹೈಪರೈಡೀಸನು ಅದೇ ಶರತ್ಕಾಲದಲ್ಲಿ ಹಿಡಿಯಲ್ಪಟ್ಟು ಕೊಲ್ಲಲ್ಪಟ್ಟನು. ಅವನ ಚರಮಪ್ರಶಸ್ತಿಯು ನಮಗೆ ಉಳಿದಿರುವುದು ಯಾರದೋ ಜಾತಕವನ್ನು ಬರೆದಿದ್ದ ಪಪೈರಸಿನ ಹಿಂಬದಿಯಲ್ಲಿ, ತಪ್ಪುಗಳಿಂದ ತುಂಬಿದ ಬರಹದಲ್ಲಿ.